ಓಬಳಮ್ಮನ ಅಕ್ರೋಟು ಡಬ್ಬಿ

ಓಬಳಮ್ಮ ಮೊದಲಿಂದ ಅಂಜುಬುರುಕಿಯೇನಲ್ಲ. ಮೊಳಕಾಲ್ಮೂರಿನ ಮಗ್ಗದ ಮನೆಗೆ ಸೊಸೆಯಾಗಿ ಬಂದು, ರೇಷ್ಮೆ ನೂಲು ಸುತ್ತುತ್ತ, ಮೂವತ್ತು ವರ್ಷ ಯಾರಿಗೂ ಜಗ್ಗದೆ ಬಾಳಿದ ಗಟ್ಟಿಗಿತ್ತಿ. ಆಕೆಗೆ ಭಯ ಹಿಡಿದದ್ದು ಎರಡು ಸಾವಿರದ ಮೂರರಲ್ಲಿ, ಗಂಡ ಸೂರಪ್ಪ ನೇಯುತ್ತಿದ್ದವನು ಎದೆ ಹಿಡಿದುಕೊಂಡು, ಕಾಲು ಇಳಿಬಿಟ್ಟು ಕೂರುವ ಮಗ್ಗದ ಗುಂಡಿಯೊಳಗೇ ಕುಸಿದಾಗ.

ಚಳ್ಳಕೆರೆಯ ಡಾಕ್ಟರು ಮಾತ್ರೆ ಬರೆದುಕೊಟ್ಟರು. "ಬೀಡಿ ಬಿಡಿಸಮ್ಮ. ದಿನಾ ನಾಕು ಅಕ್ರೋಟು ತಿನ್ನಿಸು. ಒಮೆಗಾ ಅಂತ ಒಳ್ಳೆ ಕೊಬ್ಬು ಇರ್ತದೆ ಅದರಲ್ಲಿ, ಹೃದಯಕ್ಕೆ ಒಳ್ಳೇದು" ಅಂದರು. ಅವರು ಹೇಳಿದ್ದು ಅಷ್ಟೇ. ಓಬಳಮ್ಮನ ತಲೆಗೆ ಹೋದದ್ದೇ ಬೇರೆ: ಒಂದು ದಿನ ತಪ್ಪಿದರೂ ಗಂಡ ಉಳಿಯೋದಿಲ್ಲ ಅಂತ!

ಸೂರಪ್ಪನೋ ಮಗ್ಗಕ್ಕೆ ಕೂತರೆ ಎಣ್ಣೆ ಪದಾರ್ಥ ಮುಟ್ಟುವ ಆಸಾಮಿಯಲ್ಲ. ಬೆರಳಿನ ಜಿಡ್ಡು ರೇಷ್ಮೆಗೆ ತಾಗಿದರೆ ಸೀರೆ ಕೆಟ್ಟಂತೆಯೇ. ಹಾಗಾಗಿ ಓಬಳಮ್ಮನೇ ಗುಂಡಿಯ ಅಂಚಿನಲ್ಲಿ ಕುಕ್ಕರುಗಾಲಲ್ಲಿ ಕೂತು ಒಂದೊಂದೇ ಬಾಯಿಗಿಡುತ್ತಿದ್ದಳು. ನುಂಗುವ ತನಕ ಕದಲುತ್ತಿರಲಿಲ್ಲ.

"ಏಮೇ, ಜೋಗುಳಾನೂ ಹಾಡಿಬಿಡು" ಅಂತ ಅವನು ಕಿಸಕ್ಕನೆ ನಗುತ್ತಿದ್ದ. ಇವಳಿಗೆ ಮೈಯೆಲ್ಲ ಉರಿಯುತ್ತಿತ್ತು.

ವರ್ಷ ಹೀಗೇ ಕಳೆಯಿತು. ದೇವಸಮುದ್ರದಲ್ಲಿ ಅಕ್ಕನ ಮೊಮ್ಮಗಳನ್ನು ತೊಟ್ಟಿಲಿಗೆ ಹಾಕುವ ದಿನ ಬಂತು. ಹೋಗದಿದ್ದರೆ ಅಕ್ಕ ಜನ್ಮದಲ್ಲಿ ಮಾತಾಡಿಸುವುದಿಲ್ಲ. ನಾಲ್ಕು ಅಕ್ರೋಟು ಬಟ್ಟಲಿಗೆ ಹಾಕಿ, "ತಿಂದು ಕೈ ತೊಳ್ಕೋ, ಮರೀಬ್ಯಾಡ" ಅಂತ ಹತ್ತು ಸಲ ಹೇಳಿ ಬಸ್ಸು ಹತ್ತಿದಳು.

ಮನಸ್ಸೆಲ್ಲಿ ನಿಂತೀತು! ಎಲ್ಲರೂ ಹಾಡು ಹೇಳುತ್ತಿದ್ದರೆ ಇವಳ ಕಣ್ಣ ಮುಂದೆ ಮುಟ್ಟದ ಬಟ್ಟಲು. ಎಲೆ ಮುಂದೆ ಕೂತವಳು ಎರಡು ತುತ್ತು ತಿಂದು ಎದ್ದಳು. ಅಕ್ಕ ಬೈದಳು, ಬೈಯಲಿ. ಸಿಕ್ಕ ಬಸ್ಸು ಹತ್ತಿದಳು.

ಬೀದಿ ತಿರುವಿಗೇ ಕೇಳಬೇಕಾದ ಮಗ್ಗದ ಸದ್ದು ಕೇಳಲಿಲ್ಲ. ಓಬಳಮ್ಮ ಸೆರಗು ಜಾರಿದ್ದೂ ಗೊತ್ತಾಗದೆ ಓಡಿದಳು. ಬಾಗಿಲು ತೆರೆದೇ ಇತ್ತು. ಗುಂಡಿಗೆ ಬಗ್ಗಿ ನೋಡಿದರೆ ಯಾರೂ ಇಲ್ಲ. ಬಟ್ಟಲು ಖಾಲಿ. ಗೂಡಿನಲ್ಲಿದ್ದ ಅಕ್ರೋಟು ಡಬ್ಬಿಯೂ ಇಲ್ಲ.

"ಅಯ್ಯೋ, ಯಾರಾದ್ರೂ ಬರ್ರೋ!" ಅಂತ ಕೂಗಿದಳು. ಎದುರುಮನೆಯ ಗೀತಮ್ಮ ಹೊರಗೆ ಬಂದು, "ಯಾಕಕ್ಕ ಹಂಗೆ ಬಾಯಿ ಬಡ್ಕಂತೀಯ? ನಿನ್ನ ಗಂಡ ಬೆಳಗಿಂದ ದೊಡ್ಡೀರಪ್ಪನ ಹಿಟ್ಟಿನ ಗಿರಣಿ ತಾವ ಕುಂತವ್ನೆ" ಅಂದಳು.

ನಿಜವೇ. ರಾಗಿ ಬೀಸಿಸಲು ಬಂದವರ ನಡುವೆ, ಗಿರಣಿಯ ಬೆಂಚಿನ ಮೇಲೆ, ಸೂರಪ್ಪ ಡಬ್ಬಿ ತಬ್ಬಿಕೊಂಡು ಕೂತಿದ್ದ. ಮುಖ ಬಿಳಿಚಿತ್ತು. ಡಬ್ಬಿಯಲ್ಲಿ ಒಂದು ಚೂರೂ ಉಳಿದಿರಲಿಲ್ಲ.

"ಅಷ್ಟೂ ತಿಂದ್ಯಾ? ಎದೆ ನೋಯ್ತೈತಾ?"

"ಎದೆಗೇನೂ ಆಗಿಲ್ಲ. ಹೊಟ್ಟೆ ನುಲೀತೈತೆ." ಸೂರಪ್ಪ ತಲೆ ಎತ್ತಲಿಲ್ಲ. "ನೀನು ಹೋದ ಮ್ಯಾಲೆ ಗುಂಡೀಗೆ ಇಳಿಯಕ್ಕೆ ಕಾಲೇ ಬರಲಿಲ್ಲ ಕಣೇ. ಅಲ್ಲೇ ಏನಾರ ಆದ್ರೆ ಎತ್ತೋರು ಯಾರು? ಇಲ್ಲಿ ಜನ ಇರ್ತಾರೆ ಅಂತ ಬಂದೆ. ಹೆದರಿಕೆಗೆ ಒಂದೊಂದೇ ತಿಂತಾ ಹೋದೆ."

ಓಬಳಮ್ಮನಿಗೆ ಸಿಟ್ಟು, ಅಳು ಎರಡೂ ಒಟ್ಟಿಗೇ ಬಂದವು. "ವರ್ಷದಿಂದ ನನ್ನ ನೋಡಿ ನಗಾಡ್ತಿದ್ದೆಯಲ್ಲೋ ಪಾಪಿ!"

"ನಾನೂ ಅಳ್ತಾ ಕುಂತಿದ್ರೆ ನಿನ್ನ ಹಿಡಿಯೋರು ಯಾರಿದ್ರು?" ಅಂದ.

ಓಬಳಮ್ಮ ಅವನ ಪಕ್ಕ ಕೂತು, ಅವನ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.