ಅಣ್ಣ ದಾಸ್ತಾನು ಮಾಡಿದ ಮಾತ್ರೆ

ಕಾಯಿಲೆಯವರ ಮನೆಗೆ ಹೋಗುವವರು ಒಂದಿಷ್ಟು ಹಣ್ಣು, ಒಂದಿಷ್ಟು ಬುದ್ಧಿಮಾತು ತೆಗೆದುಕೊಂಡು ಹೋಗುತ್ತಾರೆ. ನನ್ನ ಮಾತು ಕೇಳಿ: ಹಣ್ಣು ಕೊಟ್ಟು ಬುದ್ಧಿಮಾತು ವಾಪಸ್ ತನ್ನಿ. ಎಂಬತ್ತರ ದಶಕದ ಮೊದಲರ್ಧದಲ್ಲಿ ನಮ್ಮಣ್ಣನ ಮನಸ್ಸು ಕೆಟ್ಟಾಗ ಯಗಟಿಯ ಅವನ ಮನೆಯಲ್ಲಿ ಬುದ್ಧಿಮಾತು ಮೂಟೆಗಟ್ಟಲೆ ಬಿದ್ದಿತ್ತು.

ಅಣ್ಣ ಕುರಿ ವ್ಯಾಪಾರಿ. ಕುರಿ ಸಂತೆಯಲ್ಲಿ ಬೆಲೆಯನ್ನು ಬಾಯಲ್ಲಿ ಹೇಳುವುದಿಲ್ಲ. ಕೊಳ್ಳುವವನೂ ಮಾರುವವನೂ ಕೈ ಮೇಲೆ ಟವೆಲ್ ಹೊದ್ದಿಸಿಕೊಂಡು, ಒಳಗೇ ಬೆರಳು ಹಿಡಿದು ಚೌಕಾಸಿ ಮಾಡುತ್ತಾರೆ. ಪಕ್ಕದವನಿಗೆ ಗೊತ್ತಾಗಬಾರದು, ಅಷ್ಟೆ. ಈ ವಿದ್ಯೆಯಲ್ಲಿ ಅಣ್ಣನನ್ನು ಮೀರಿಸಿದವರಿರಲಿಲ್ಲ. ಅಂಥವನು ಒಮ್ಮೆ ಕಡೂರು ಸಂತೆಯಲ್ಲಿ ಟವೆಲಿನೊಳಗೆ ಕೈ ಇಟ್ಟು ಸುಮ್ಮನೆ ನಿಂತುಬಿಟ್ಟ. ಬೆರಳು ಆಡಲಿಲ್ಲ. ಮನೆಗೆ ಬಂದು ಗೋಡೆ ನೋಡುತ್ತಾ ಕೂತವನು ತಿಂಗಳಾದರೂ ಮಾತಾಡಲಿಲ್ಲ.

ಸೋಮಾರಿತನ ಎಂದರು ಕೆಲವರು, ಗಾಳಿ ಸೋಕಿದೆ ಎಂದರು ಕೆಲವರು. ಅವರು ಕಟ್ಟಿದ ತಾಯಿತಗಳ ಭಾರಕ್ಕೇ ಅವನ ಕತ್ತು ಬಗ್ಗಿದೆ ಎಂದು ನಾನು ಹೇಳಿ ಬೈಸಿಕೊಂಡೆ. ಕೊನೆಗೆ ತರೀಕೆರೆ ಮೇಲೆ ಹೋಗುವ ಬಸ್ಸಿನಲ್ಲಿ ಕೂರಿಸಿಕೊಂಡು ಶಿವಮೊಗ್ಗದ ಮನೋರೋಗದ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ.

ಅವರು ಮೊದಲು ಕೊಟ್ಟದ್ದು ಹಳೆಯ ಜಾತಿಯ ಮಾತ್ರೆ. ಬಾಯಿ ಒಣಗಿತು, ಹೊಟ್ಟೆ ಕಟ್ಟಿತು, ಹಗಲೂ ನಿದ್ದೆ.

"ಕಾಯ್ಲೆನ ಮಲಗ್ಸಿ ಅಂದ್ರೆ ನಿಮ್ಮ ಡಾಕ್ಟ್ರು ನನ್ ಗಂಡನ್ನೇ ಮಲಗ್ಸವ್ರಲ್ಲಪ್ಪಾ," ಎಂದು ಅತ್ತಿಗೆ ನನ್ನನ್ನು ತರಾಟೆಗೆ ತೆಗೆದುಕೊಂಡರು.

ಆಗ ಡಾಕ್ಟರು ಹೊಸದೊಂದರ ಹೆಸರು ಬರೆದರು: ನೊಮಿಫೆನ್ಸಿನ್. ಜರ್ಮನಿಯವರು ಕಂಡುಹಿಡಿದದ್ದು. ಅವರು ವಿವರಿಸಿದ್ದು ನನ್ನಂಥ ಕೊಬ್ಬರಿ ವ್ಯಾಪಾರಿಗೆ ಸಲೀಸಾಗಿ ಅರ್ಥವಾಯಿತು. ಮೆದುಳಿನಲ್ಲಿ ಒಂದು ನರ ಇನ್ನೊಂದಕ್ಕೆ ಸರಕು ಕಳಿಸುತ್ತದೆ, ಮಿಕ್ಕದ್ದನ್ನು ತಾನೇ ವಾಪಸ್ ಎಳೆದುಕೊಳ್ಳುತ್ತದೆ. ಡೋಪಮೈನ್, ನಾರಡ್ರಿನಲಿನ್ ಎನ್ನುವ ಎರಡು ಸರಕುಗಳ ವಾಪಸಾತಿಗೆ ಈ ಮಾತ್ರೆ ಅಡ್ಡ ನಿಲ್ಲುತ್ತದೆ. ಸರಕು ಪೇಟೆಯಲ್ಲೇ ಉಳಿದು ವಹಿವಾಟು ಕುದುರುತ್ತದೆ. ನಿದ್ದೆಯ ಕಾಟವೂ ಕಡಿಮೆ.

ನನ್ನ ಕೊಬ್ಬರಿ ಕೊಳ್ಳುವ ಬೊಂಬಾಯಿ ದಲ್ಲಾಳಿ ಅದನ್ನು ಹೊರದೇಶದಿಂದ ತರಿಸಿ ಕಳಿಸತೊಡಗಿದ. ಕೆಲವು ವಾರ ಕಳೆದ ಮೇಲೆ ನಾನು ಯಗಟಿಗೆ ಹೋದರೆ ಅಣ್ಣ ದೊಡ್ಡಿಯಲ್ಲಿ ಒಂದು ಟಗರಿನ ಬಾಯಿ ಬಿಡಿಸಿ ಹಲ್ಲು ನೋಡುತ್ತಿದ್ದ.

"ಯಾವ ಮುಠ್ಠಾಳ ಇದನ್ನ ಕೊಂಡೋನು?" ಎಂದು ಕೇಳಿದ.

ಅವನ ಬದಲು ಸಂತೆಗೆ ಹೋಗಿ ಕೊಂಡವನು ನಾನೇ. ಆದರೂ ಸಂತೋಷವಾಯಿತು.

ಒಂದೆರಡು ವರ್ಷ ಚೆನ್ನಾಗಿ ನಡೆಯಿತು. ಆಮೇಲೆ ದಲ್ಲಾಳಿಯಿಂದ ಅಣ್ಣನಿಗೇ ಟ್ರಂಕ್ ಕಾಲ್ ಬಂತು: ತಯಾರಿಸುವವರೇ ಆ ಮಾತ್ರೆಯನ್ನು ಎಲ್ಲ ಕಡೆಯಿಂದ ವಾಪಸ್ ತೆಗೆದುಕೊಳ್ಳುತ್ತಿದ್ದಾರೆ. ಬೇರೆ ಯಾರಾದರೂ ಆಗಿದ್ದರೆ ಏಕೆ ಎಂದು ಕೇಳುತ್ತಿದ್ದರು. ಅಣ್ಣ ನನಗೆ ಹೇಳದೆ, ಬೊಂಬಾಯಿಯಲ್ಲಿ ಉಳಿದದ್ದನ್ನೆಲ್ಲ ತರಿಸಿ ಬಿಸ್ಕತ್ತಿನ ಡಬ್ಬದಲ್ಲಿ ತುಂಬಿ ಅಟ್ಟಕ್ಕೇರಿಸಿದ.

"ಸರಕು ನಿಲ್ಲುತ್ತೆ ಅಂದ್ರೆ ಏನ್ಲೇ ಅರ್ಥ? ತುಂಬ್ಕೊಂಡೋನೇ ಜಾಣ ಅಂತ," ಎಂದ, ಡಬ್ಬ ನನ್ನ ಕಣ್ಣಿಗೆ ಬಿದ್ದಾಗ.

"ಯಾಕಂತೆ ನಿಲ್ಸಿದ್ದು?"

"ಅದು ಮಾರೋನ ತಲೆನೋವು."

ನಾನು ಒತ್ತಾಯ ಮಾಡಿ ಮತ್ತೆ ಶಿವಮೊಗ್ಗಕ್ಕೆ ಎಳೆದುಕೊಂಡು ಹೋದೆ. ಡಾಕ್ಟರ ಮುಖ ಗಂಭೀರವಾಗಿತ್ತು. ಈ ಮಾತ್ರೆ ನುಂಗಿದ ಕೆಲವರಲ್ಲಿ, ದೇಹದ ಕಾವಲುಪಡೆ ತನ್ನದೇ ರಕ್ತದ ಕೆಂಪುಕಣಗಳನ್ನು ಶತ್ರು ಎಂದುಕೊಂಡು ಒಡೆದುಹಾಕುತ್ತದಂತೆ. ಹೊರದೇಶದಲ್ಲಿ ಸತ್ತವರೂ ಇದ್ದಾರೆ. ಯಾರಿಗೆ, ಯಾವಾಗ ಎಂದು ಹೇಳಲಾಗದು. ಇವತ್ತೇ ನಿಲ್ಲಿಸಬೇಕು.

ಅಣ್ಣ ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡ. "ಡಾಕ್ಟ್ರೇ, ರಕ್ತ ಹೋದ್ರೆ ಸಾಯ್ತೀನಿ. ಮಾತ್ರೆ ಹೋದ್ರೆ ಬದುಕಿದ್ರೂ ಗೋಡೆ ನೋಡ್ಕೊಂಡು ಕೂತಿರ್ತೀನಿ. ಯಾವುದ್ರಲ್ಲಿ ಲಾಭ ಐತೆ, ನೀವೇ ಹೇಳಿ."

ಹಾಗೆಂದವನೇ ಅಣ್ಣ ಹೆಗಲಿನ ಟವೆಲ್ ತೆಗೆದು ಅವರ ಕೈ ಮೇಲೆ ಹೊದ್ದಿಸಿ ಒಳಗೆ ಕೈ ಹಾಕಿದ. ಅವರು ಗಾಬರಿಯಿಂದ ನನ್ನತ್ತ ನೋಡಿದರು.

"ಹೆದರ್ಬೇಡಿ ಸಾರ್. ಇನ್ನೆಷ್ಟು ತಿಂಗ್ಳು ನುಂಗ್ಬೌದು ಅಂತ ಕೇಳ್ತಾವ್ನೆ."

ಅಣ್ಣ ಪೂರ್ತಿ ಹಸ್ತ ಹಿಡಿದ: ಐದು ತಿಂಗಳು. ಆಮೇಲೆ ಒಂದೊಂದೇ ಬೆರಳು ಇಳಿಸುತ್ತಾ ಬಂದನೆಂದು ಟವೆಲ್ ಅಲ್ಲಾಡುವುದರಲ್ಲೇ ನನಗೆ ತಿಳಿಯಿತು. ಡಾಕ್ಟರು ಕಲ್ಲಿನಂತೆ ಕೂತಿದ್ದರು. ಚೌಕಾಸಿ ಬಾರದವನ ಹತ್ತಿರ ಚೌಕಾಸಿಗೆ ಕೂರಬೇಡಿ, ಸೋಲುತ್ತೀರಿ.

"ಒಂದೂ ಇಲ್ಲ ಯಜಮಾನ್ರೇ," ಎಂದರು ಡಾಕ್ಟರು. "ಹಳೇ ಮಾತ್ರೆನೇ ಸ್ವಲ್ಪ ಸ್ವಲ್ಪವಾಗಿ ಶುರು ಮಾಡೋಣ. ವಾರ ವಾರ ಬನ್ನಿ, ನೋಡ್ತೀನಿ."

"ಗೋಡೆ ಕಡೆ ತಿರುಗಲ್ಲ ಅಂತ ಗ್ಯಾರಂಟಿ ಕೊಡ್ತೀರಾ?"

"ಇಲ್ಲ."

ಗ್ಯಾರಂಟಿ ಕೊಡುವವನನ್ನು ಅಣ್ಣ ಜನ್ಮದಲ್ಲಿ ನಂಬಿದವನಲ್ಲ. ಆ 'ಇಲ್ಲ' ಕೇಳಿ ಕೈ ಹೊರಗೆ ತೆಗೆದ. ರಕ್ತಪರೀಕ್ಷೆಗೆ ತೋಳು ಚಾಚಿದ. ರಕ್ತ ಚೆನ್ನಾಗಿತ್ತು.

ಡಬ್ಬದಲ್ಲಿದ್ದುದನ್ನೆಲ್ಲ ಅತ್ತಿಗೆ ಬಚ್ಚಲ ಒಲೆಗೆ ಸುರಿದರು. ಆ ಹೊತ್ತಿಗೆ ಅಣ್ಣ ದೊಡ್ಡಿಯ ಕಡೆ ಹೋಗಿದ್ದ.

ಮುಂದಿನ ವಾರಗಳು ಕಷ್ಟದವು. ಅಣ್ಣನ ಮಾತು ಕಡಿಮೆಯಾಯಿತು, ಬೈಗುಳವಂತೂ ನಿಂತೇಹೋಯಿತು. ಅವನು ಜಗಲಿಯಲ್ಲಿ ಯಾವ ಕಡೆ ಮುಖ ಮಾಡಿ ಕೂತಿದ್ದಾನೆಂದು ಅತ್ತಿಗೆ ಒಲೆಯ ಮುಂದಿನಿಂದ ಎದ್ದೆದ್ದು ಬಂದು ಇಣುಕುತ್ತಿದ್ದರು. ಗೋಡೆ ಕಡೆಯೇ ಕೂತಿದ್ದ. ನಾನೂ ಹೋದಾಗಲೆಲ್ಲ ಕೆಮ್ಮುವುದು, ಏನಾದರೂ ಬೀಳಿಸುವುದು ಮಾಡುತ್ತಿದ್ದೆ. ತಿರುಗುತ್ತಿರಲಿಲ್ಲ.

ಒಂದು ಮಧ್ಯಾಹ್ನ ಗೋಡೆ ನೋಡುತ್ತಲೇ ಬಾಯಿಬಿಟ್ಟ.

"ಲೇ ಇವಳೇ, ಆ ಬಡ್ಡೀಮಗ ಡಾಕ್ಟ್ರು ನನ್ನ ಬಾಯಿಗೆ ಮರಳು ತುಂಬವ್ನೆ ಕಣೇ. ಸತ್ತೆಯಾ ಒಳಗೆ? ನೀರು ತಾ."

ಅತ್ತಿಗೆ ಚೊಂಬು ಹಿಡಿದು ಓಡಿ ಬಂದವರು ಕೊಡದೆ ಬಾಗಿಲಲ್ಲೇ ನಿಂತರು.

"ಇನ್ನೂ ಬೈರಿ," ಎಂದರು.