ಗುರುತಿಗಿಟ್ಟ ಕುಂಕುಮ

ತಮ್ಮನ ಕಂಪ್ಯೂಟರು ಕೆಟ್ಟದ್ದು ಮದುವೆಗಳ ಕಾಲದಲ್ಲಿ. ಅವನು ಮದುವೆ ವಿಡಿಯೋ ಎಡಿಟ್ ಮಾಡುವವನು. ಬೇರೆಯವರ ಸ್ಟುಡಿಯೋಗೆ ದುಡಿದೂ ದುಡಿದೂ, ಆಗಷ್ಟೇ ಸ್ವಂತಕ್ಕೆ ಅಂತ ಮೊದಲನೇ ಮದುವೆ ಒಪ್ಪಿಕೊಂಡಿದ್ದ. ಶೂಟ್ ಮಾಡಿದ್ದೆಲ್ಲ ಆ ಕೆಟ್ಟ ಕಂಪ್ಯೂಟರಿನೊಳಗಿನ ಎಸ್‌ಎಸ್‌ಡಿ ಎಂಬ ಡ್ರೈವಿನಲ್ಲಿತ್ತು, ಬೇರೆಲ್ಲೂ ಇರಲಿಲ್ಲ. ಕ್ಯಾಮೆರಾದ ಕಾರ್ಡುಗಳನ್ನು ಮಾರನೇ ದಿನವೇ ಅಳಿಸಿ ಇನ್ನೊಂದು ಛತ್ರಕ್ಕೆ ಕಳಿಸಿಬಿಟ್ಟಿದ್ದ. ಸಾಲು ಸಾಲು ಮುಹೂರ್ತ ಇರುವಾಗ ಕಾರ್ಡಿಗೆ ಬಿಡುವು ಎಲ್ಲಿಯದು? ಹಾಗಾಗಿ ಆ ಮದುಮಗಳ ಧಾರೆ ಉಳಿದಿದ್ದದ್ದು ಬೆರಳುದ್ದದ ಒಂದು ಪಟ್ಟಿಯಲ್ಲಿ ಮಾತ್ರ. ಅದು ಹೋದರೆ ಯಾರೂ ಮತ್ತೆ ಧಾರೆ ಎರೆದು ಕೊಡುವುದಿಲ್ಲ.

ಕಂಪ್ಯೂಟರ್ ಜೋಡಿಸುವುದು ನನ್ನ ಹುಚ್ಚು. ಹೊಸದನ್ನು ನಾನೇ ಕಟ್ಟಿಕೊಡುತ್ತೇನೆ ಎಂದೆ. ವಿಜಯನಗರದ ನಮ್ಮ ಬಾಡಿಗೆ ಮನೆಯಲ್ಲಿ ಅವನ ಮೇಜಿನ ಒಂದು ಕಡೆ ಮಂಚ, ಇನ್ನೊಂದು ಕಡೆ ಬೀರು. ದೊಡ್ಡ ಡಬ್ಬ ಇಡಲು ಜಾಗವಿಲ್ಲ. ಚಪ್ಪಲಿ ಡಬ್ಬಕ್ಕಿಂತ ಸ್ವಲ್ಪ ದೊಡ್ಡದಾದ ಒಂದು ಕೇಸನ್ನು ಆರಿಸಿದೆ. ನೋಡಲು ಮುದ್ದಾಗಿತ್ತು, ಆದರೆ ಅದರೊಳಗೆ ಕೈ ಹಾಕುವುದು ಲೋಟದೊಳಗೆ ಕೈ ಹಾಕಿದಷ್ಟೇ ಕಷ್ಟ. ಎಲ್ಲ ಭಾಗಗಳೂ ಕೂರುವ ಪುಟ್ಟ ಬೋರ್ಡಿನಲ್ಲಿ ಒಂದು ಎಸ್‌ಎಸ್‌ಡಿಗೆ ಜಾಗ ಮುಂದೆ, ಇನ್ನೊಂದಕ್ಕೆ ಬೆನ್ನಿನ ಕಡೆ. ಬೋರ್ಡನ್ನು ಒಮ್ಮೆ ಕೂರಿಸಿದರೆ ಬೆನ್ನಿಗೆ ಕೈ ಹೋಗುವುದಿಲ್ಲ. ಎಲ್ಲವನ್ನೂ ಬಿಚ್ಚಬೇಕು. ಅದಕ್ಕೇ ಎರಡನ್ನೂ ಒಟ್ಟಿಗೆ ಹಾಕಿಬಿಡೋಣ ಎಂದುಕೊಂಡೆ.

ಒಂದು ಅವನದು, ಒಂದು ನನ್ನದು. ಒಂದೇ ಡಿಸ್ಕೌಂಟಿನಲ್ಲಿ ಇಬ್ಬರೂ ಒಟ್ಟಿಗೆ ಕೊಂಡಿದ್ದೆವು. ಅದೇ ಕಂಪನಿ, ಅದೇ ಅಳತೆ, ಅದೇ ಬಿಳಿ ಲೇಬಲ್ಲು, ಎರಡೂ ಹೆಚ್ಚುಕಡಿಮೆ ತುಂಬಿದ್ದವು. ನನ್ನದರಲ್ಲಿದ್ದ ಫೋಟೋಗಳನ್ನು ಆಗಲೇ ಬೇರೆ ಕಡೆ ಇಟ್ಟಿದ್ದೆ. ಅದನ್ನು ಅಳಿಸಿ ವಿಂಡೋಸ್ ಹಾಕುವುದು, ಅವನದನ್ನು ಯಾರ ಕೈಗೂ ಸಿಗದಂತೆ ಬೆನ್ನಿಗೆ ಹಾಕುವುದು ಎಂದು ಲೆಕ್ಕ ಹಾಕಿದ್ದೆ. ಗುರುತಿಗೆ ಸ್ಕೆಚ್ ಪೆನ್ ಹುಡುಕಿದೆ, ಸಿಗಲಿಲ್ಲ. ದೇವರ ಗೂಡಿನಲ್ಲಿ ಕುಂಕುಮದ ಭರಣಿ ಕಂಡಿತು. ಅವನ ಡ್ರೈವಿನ ಲೇಬಲ್ ಮೇಲೆ ಒಂದು ಬೊಟ್ಟು ಇಟ್ಟೆ. ನನ್ನ ಜಾಣತನವನ್ನು ನಾನೇ ಮೆಚ್ಚಿಕೊಂಡೆ.

ಅಷ್ಟರಲ್ಲಿ ಡ್ರೈವ್ ಬಿಗಿಯುವ ಸ್ಕ್ರೂ, ಸಾಸಿವೆ ಕಾಳಿನಷ್ಟು, ಕೈಜಾರಿ ಬಿದ್ದು ಎಲ್ಲೋ ಹೋಯಿತು. ನೆಲವನ್ನೆಲ್ಲ ತಡಕಿದರೂ ಸಿಗಲಿಲ್ಲ. ಎರಡೂ ಡ್ರೈವುಗಳನ್ನು ಸ್ಟೀಲ್ ತಟ್ಟೆಯಲ್ಲಿ ಮನೆಯಲ್ಲೇ ಬಿಟ್ಟು ಮಾರ್ಕೆಟ್ಟಿನ ಹತ್ತಿರದ ಮೊಬೈಲ್ ರಿಪೇರಿ ಅಂಗಡಿಗೆ ಓಡಿದೆ. ಬಿಸಿಲಿನಲ್ಲಿ ಕಾದು ಕಾದು ಒಂದು ಸ್ಕ್ರೂ ತರುವ ಹೊತ್ತಿಗೆ ಸಿಟ್ಟು ಮೂಗಿನ ತುದಿಗೆ ಬಂದಿತ್ತು. ತಟ್ಟೆಯಲ್ಲಿ ಒಂದು ಡ್ರೈವಿನ ಮೇಲೆ ಕುಂಕುಮ ಕಂಡಿತು. ಇನ್ನೊಂದು ಮಗುಚಿ ಬಿದ್ದಿತ್ತು. ಬೊಟ್ಟಿದ್ದದ್ದನ್ನು ಎತ್ತಿ ಬೋರ್ಡಿನ ಬೆನ್ನಿಗೆ ಬಿಗಿದೆ. ಬೋರ್ಡ್ ಕೂರಿಸಿ ನಾನು ವೈರುಗಳ ಜೊತೆ ಗುದ್ದಾಡುತ್ತಿದ್ದಾಗ ತಟ್ಟೆಯಲ್ಲಿ ಉಳಿದದ್ದನ್ನು ತಮ್ಮ ಮುಂದಿನ ಜಾಗಕ್ಕೆ ಹಾಕಿ, ಶಾಖ ಹೀರುವ ಲೋಹದ ಪಟ್ಟಿಯನ್ನು ಮೇಲೆ ಮುಚ್ಚಿದ.

ಕಂಪ್ಯೂಟರು ಒಂದೇ ಸಲಕ್ಕೆ ಶುರುವಾಯಿತು. ವಿಂಡೋಸ್ ಹಾಕುವ ಪರದೆಯಲ್ಲಿ ಎರಡು ಡ್ರೈವುಗಳು ಒಂದರ ಕೆಳಗೊಂದು ಬಂದವು.

"ಅಕ್ಕ, ಎರಡೂ ಒಂದೇ ಥರ ಇದೆ," ಎಂದ ತಮ್ಮ.

"ಗೊತ್ತು ಕಣೋ. ಮುಂದಿರೋದು ಯಾವುದು ಅಂತ ಆಗ್ಲೇ ನೋಡ್ಕೊಂಡಿದೀನಿ. ಅದು ನಂದು. ಅದನ್ನ ಅಳಿಸ್ತೀನಿ."

ಡಿಲೀಟ್ ಒತ್ತಿದೆ. ಇದರಲ್ಲಿರುವುದೆಲ್ಲ ಹೋಗುತ್ತದೆ, ಸರಿಯೇ ಎಂದು ಕೇಳಿತು.

"ಹಿಂದಿರೋದು ನಂದೇ ಅಂತ ಹೆಂಗೆ ಹೇಳ್ತೀಯ?"

"ಗುರುತಿಗೆ ಕುಂಕುಮ ಇಟ್ಟಿದ್ದೆ. ಸುಮ್ನಿರೋ ಸ್ವಲ್ಪ."

"ಮುಂದೆ ಹಾಕಿದ್ದಕ್ಕೂ ಇತ್ತಲ್ಲ ಅಕ್ಕ," ಎಂದ.

ಮೌಸ್ ಮೇಲಿನ ಬೆರಳನ್ನು ಎತ್ತಲೂ ಹೆದರಿಕೆಯಾಯಿತು, ಎಲ್ಲಿ ಒತ್ತಿಬಿಡುತ್ತದೋ ಎಂದು. ತಮ್ಮ ಬಗ್ಗಿ ಗೋಡೆಯ ಸ್ವಿಚ್ಚನ್ನೇ ಆರಿಸಿದ. ಪರದೆ ಕಪ್ಪಾಯಿತು.

"ನೀನು ಇದನ್ನ ಮೊದಲೇ ಬೊಗಳೋಕೇನಾಗಿತ್ತು?" ಎಂದೆ.

"ನಮ್ಮನೇಲಿ ಮಿಕ್ಸಿಗೂ ಕುಂಕುಮ ಇರುತ್ತೆ. ಅದು ಗುರುತು ಅಂತ ನಂಗೇನು ಗೊತ್ತು?"

ಅಡುಗೆಮನೆಯಿಂದ ಅಮ್ಮ ಬಂದಳು. "ನಾನೇ ಕಣೇ ಇಟ್ಟಿದ್ದು. ಹೊಸ ಮಿಷಿನ್ನಿನ ಸಾಮಾನು ಅಂತ ಇಟ್ಟೆ. ಒಂದಕ್ಕಿಟ್ಟು ಇನ್ನೊಂದನ್ನ ಬೋಳಾಗಿ ಬಿಡ್ತಾರಾ ಯಾರಾದ್ರೂ?"

ನಾನು ಬಾಯಿಗೆ ಬಂದದ್ದನ್ನೆಲ್ಲ ಅಂದೆ. ಇವನ ಹೊಟ್ಟೆಪಾಡು ಹೋಗ್ತಿತ್ತು, ನಿನಗೆ ಯಾವುದನ್ನೂ ಮುಟ್ಟದೆ ಇರೋಕೆ ಬರಲ್ವಾ ಎಂದೆಲ್ಲ ಕೂಗಾಡಿದೆ. ಅಮ್ಮ ಪೂರ್ತಿ ಕೇಳಿಸಿಕೊಂಡಳು. ಆಮೇಲೆ ಸೆರಗಿಗೆ ಕೈ ಒರೆಸಿಕೊಂಡು, "ನೀನಿಟ್ಟಿದ್ದು ಒಂದು ಇಡೋದಾ? ಬರೀ ಕುಂಕುಮ ಬಳಿದು ಹೋಗಿದ್ದೆ. ನಾನು ಅರಿಶಿನ ಇಟ್ಟು ಆಮೇಲೆ ಕುಂಕುಮ ಇಟ್ಟೆ," ಎಂದಳು.

ತಮ್ಮ ತಟ್ಟನೆ ತಲೆಯೆತ್ತಿದ. "ಎರಡಕ್ಕೂ ಇಟ್ಯಾ ಅಮ್ಮ, ಅರಿಶಿನ?"

"ಇಲ್ಲಪ್ಪ. ಅವಳಿಟ್ಟಿದ್ದನ್ನ ನಾನ್ಯಾಕೆ ಮುಟ್ಲಿ? ಇನ್ನೊಂದಕ್ಕೆ ಇಟ್ಟೆ."

ಅಂದರೆ ಅರಿಶಿನ ಇದ್ದದ್ದು ನನ್ನದು, ಇಲ್ಲದ್ದು ಅವನದು. ಮುಂದಿನ ಲೋಹದ ಪಟ್ಟಿ ಬಿಚ್ಚಿದೆ. ಅದರ ಅಂಟಿಗೆ ಕುಂಕುಮವೆಲ್ಲ ಮೆತ್ತಿಕೊಂಡು ಬಂತು. ಲೇಬಲ್ಲಿನ ಮೇಲೆ ತೆಳುವಾಗಿ ಕೆಂಪು ಉಳಿದಿತ್ತು, ಹಳದಿ ಎಲ್ಲೂ ಕಾಣಲಿಲ್ಲ. ಅರಿಶಿನವೂ ಅಂಟಿಗೇ ಹೋಗಿದ್ದರೆ? ಹಿಂದಿನದನ್ನೂ ನೋಡದೆ ನಂಬುವಂತಿರಲಿಲ್ಲ. ವೈರು, ಫ್ಯಾನು, ಬೋರ್ಡು, ಕಟ್ಟಿದ್ದೆಲ್ಲವನ್ನೂ ಬಿಚ್ಚಿದೆ. ಸ್ಕ್ರೂ ಡ್ರೈವರ್ ಎರಡು ಸಲ ಜಾರಿತು. ತಮ್ಮ ಮೊಬೈಲಿನ ಟಾರ್ಚ್ ಹಿಡಿದು ನಿಂತಿದ್ದ. ಅವನು ಬೈದಿದ್ದರೆ ವಾಸಿಯಿತ್ತು.

ಬೋರ್ಡನ್ನು ಮಗುಚಿದೆ. ಬೆನ್ನಿನಲ್ಲಿದ್ದ ಡ್ರೈವಿನ ಕುಂಕುಮದ ಸುತ್ತ ದುಂಡಗೆ ಹಳದಿ ಅಂಚು. ಅಮ್ಮನ ಉಂಗುರ ಬೆರಳಿನ ಅಳತೆ.

ನಾನು ಅಳಿಸಲು ಹೊರಟಿದ್ದದ್ದು ಅವನದನ್ನೇ. ಇನ್ನೊಂದು ಸಲ ಒತ್ತುವುದಷ್ಟೇ ಬಾಕಿಯಿತ್ತು. ನೆಲದ ಮೇಲೇ ಕೂತುಬಿಟ್ಟೆ. ಆತುರಗಾರನಿಗೆ ಬುದ್ಧಿ ಮಟ್ಟ ಎಂದು ಅಮ್ಮ ದಿನಕ್ಕೊಮ್ಮೆ ಅನ್ನುತ್ತಾಳೆ. ಅವತ್ತು ಅನ್ನಲಿಲ್ಲ. ಕುಡಿಯಲು ನೀರು ತಂದುಕೊಟ್ಟಳು.

ತಮ್ಮ ತನ್ನ ಡ್ರೈವನ್ನು ತಾನೇ ಬಿಡಿಸಿಕೊಂಡ. ಕರ್ಚೀಫಿನಲ್ಲಿ ಸುತ್ತಿ ಅಂಗಿಯ ಜೇಬಿಗೆ ಹಾಕಿಕೊಂಡು, ಮೇಲೆ ಕೈ ಇಟ್ಟುಕೊಂಡ. "ನೀನು ಎಲ್ಲ ಮುಗಿಸೋವರೆಗೂ ಇದು ನನ್ನ ಹತ್ರಾನೇ ಇರ್ಲಿ ಅಕ್ಕ," ಎಂದ. ದನಿಯಲ್ಲಿ ಕೋಪವಿರಲಿಲ್ಲ. ಚಿಕ್ಕಂದಿನಿಂದ ಮುರಿದ ಆಟದ ಸಾಮಾನನ್ನೆಲ್ಲ ನನ್ನ ಕೈಗೇ ತಂದು ಕೊಡುತ್ತಿದ್ದವನು ಅವನು. ನನಗೆ ನೋವಾಯಿತು, ಆದರೆ ಅವನು ಹೇಳಿದ್ದು ಸರಿಯಾಗಿತ್ತು.

ನನ್ನ ಡ್ರೈವನ್ನು ಬೆನ್ನಿನಲ್ಲೇ ಬಿಟ್ಟು ಎಲ್ಲವನ್ನೂ ಮತ್ತೆ ಜೋಡಿಸಿದೆ. ಈ ಸಲ ಪರದೆಯಲ್ಲಿ ಒಂದೇ ಡ್ರೈವ್ ಬಂತು. ಅದನ್ನೂ ಅವನನ್ನು ಕೇಳಿಯೇ ಅಳಿಸಿದೆ. ವಿಂಡೋಸ್ ಕೂತ ಮೇಲೆ ಕಂಪ್ಯೂಟರ್ ಆರಿಸಿ, ಸ್ಕ್ರೂ ಡ್ರೈವರನ್ನು ಅವನ ಕಡೆ ಚಾಚಿ, "ನೀನೇ ಹಾಕು," ಎಂದೆ.

ಅವನು ಜೇಬಿನಿಂದ ತೆಗೆದ. ಅಮ್ಮ ಅರಿಶಿನದ ಭರಣಿ ಹಿಡಿದು ಬಾಗಿಲಲ್ಲಿ ನಿಂತಿದ್ದಳು.

"ಇದಕ್ಕೊಂದು ಬಾಕಿ ಇದೆಯಲ್ಲ, ಇಟ್ಬಿಡ್ಲಾ?"

"ಬೇಡಮ್ಮ," ಎಂದು ಇಬ್ಬರೂ ಒಟ್ಟಿಗೇ ಅಂದೆವು.

ಅವನು ಡ್ರೈವ್ ಬಿಗಿದು ಕಂಪ್ಯೂಟರ್ ಶುರುಮಾಡಿದ, ಮದುವೆಯ ಫೋಲ್ಡರ್ ತೆರೆದುಕೊಂಡಿತು. ಪರದೆಯಲ್ಲಿ, ಜೋಡಿಸಿ ಹಿಡಿದ ಕೈಗಳ ಮೇಲೆ ಧಾರೆಯ ನೀರು ಬೀಳುತ್ತಿತ್ತು. ತಮ್ಮ ಅದನ್ನು ಕೊನೆಯವರೆಗೂ ನೋಡಿದ. ಆಮೇಲೆ ನನ್ನ ಕಡೆ ತಿರುಗಿ, "ನಾಳೆ ಇನ್ನೊಂದು ಕಾಪಿ ಮಾಡಬೇಕು ಅಕ್ಕ. ನೀನು ಪಕ್ಕದಲ್ಲಿ ಕೂತ್ಕೋ ಸಾಕು, ನಾನು ಮಾಡ್ತೀನಿ," ಎಂದ.