ಸ್ವಾತಿ ನಕ್ಷತ್ರದ ಅರ್ಚನೆ

ಹೇಳಬೇಕು, ಹೇಳಬೇಕು ಎಂದುಕೊಂಡೇ ಮುದುಕನಾದೆ. ಮೊನ್ನೆ ಸೆಕೆಗೆ ಸೊಸೆ ರುಬ್ಬಿಟ್ಟಿದ್ದ ದೋಸೆಹಿಟ್ಟು ವಿಪರೀತ ಹುಳಿ ಬಂದಿತ್ತು. ಮುಚ್ಚಳ ತೆಗೆದಾಗ ಬಂದ ಆ ವಾಸನೆಗೆ ಎದುರುಮನೆ ಮೇಷ್ಟ್ರ ಕಾಗದ ನೆನಪಾಯಿತು. "ಇಲ್ಲಿಯವರು ಮೊರದಗಲದ ಹುಳಿ ದೋಸೆ ತಿನ್ನುತ್ತಾರೆ ಕಣಯ್ಯ. ಮೊದಲು ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಈಗ ಆ ವಾಸನೆಗೆ ಅಮ್ಮನ ಅಡುಗೆಮನೆ ಕಂಡ ಹಾಗಾಗುತ್ತೆ" ಎಂದು ಬರೆದಿದ್ದರು.

ಮೇಷ್ಟ್ರು ಬೇಲೂರಿನ ಹೈಸ್ಕೂಲಿನಲ್ಲಿದ್ದರು. ಇಥಿಯೋಪಿಯಾ ದೇಶಕ್ಕೆ ಉಪಾಧ್ಯಾಯರು ಬೇಕೆಂಬ ಜಾಹೀರಾತನ್ನು ನಾವಿಬ್ಬರೂ ನಮ್ಮ ಜಗಲಿಯ ಮೇಲೆ ಕೂತೇ ಓದಿದ್ದು. ಅವರು ಬಿ.ಎ. ಮಾಡಿದ್ದರು. ನಾನು ಎಸ್ಸೆಸ್ಸೆಲ್ಸಿ ಮುಗಿಸಿ ಗುಮಾಸ್ತನಾಗಿದ್ದೆ. ಐವತ್ತರ ದಶಕದ ಕೊನೆಯಲ್ಲಿ ಗಂಡಹೆಂಡತಿ ಇಬ್ಬರನ್ನೂ ಅರಸೀಕೆರೆಯಲ್ಲಿ ರೈಲು ಹತ್ತಿಸಿ ಬಸ್ಸಿನಲ್ಲಿ ಒಬ್ಬನೇ ಹಿಂದಿರುಗುವಾಗ ಹೊಟ್ಟೆಯಲ್ಲಿ ಏನೋ ಉರಿಯುತ್ತಿತ್ತು. ಹಸಿವು ಎಂದುಕೊಂಡೆ.

ತಿಂಗಳಿಗೊಂದು ಕಾಗದ ಬರುತ್ತಿತ್ತು. ಅರ್ಧ ತಾಪತ್ರಯ, ಅರ್ಧ ಬೆರಗು. "ಒಂದು ರುಜುವಿಗೆ ಆರು ಸಲ ಕಚೇರಿಗೆ ಅಲೆದೆ. ನಲ್ಲಿಯಲ್ಲಿ ನಾಲ್ಕು ದಿನ ನೀರಿರಲಿಲ್ಲ. ಐದನೆಯ ದಿನ ಕೊಡಕ್ಕೆ ಬಿದ್ದ ನೀರಿನ ಸದ್ದು ಕೇಳಿ ಕಣ್ಣು ತುಂಬಿತು. ಕೇಶವನಿಗೆ ನನ್ನ ಹೆಸರಿನಲ್ಲಿ ಒಂದು ಅರ್ಚನೆ ಮಾಡಿಸು." ಇನ್ನೊಮ್ಮೆ, "ಇಲ್ಲಿ ಬಂಡೆಯನ್ನು ಕೆಳಕ್ಕೆ ಕೊರೆದು ಗುಡಿ ಮಾಡಿದ್ದಾರೆ. ಹಳೇಬೀಡಿನ ಶಿಲ್ಪಿಗಳ ನೆಂಟರು ಇಲ್ಲೂ ಇದ್ದಿರಬೇಕು. ಒಂದು ಅರ್ಚನೆ."

ನನಗೆ ಕರುಬು ಬಂದದ್ದು ಅವರ ಸಂಬಳಕ್ಕಲ್ಲ. ಕೇಶವನ ಬಾಗಿಲ ಮುಂದೆಯೇ ದಿನಾ ಕಚೇರಿಗೆ ಹೋಗುತ್ತಿದ್ದ ನನಗೆ ಒಂದು ದಿನವೂ ಕಣ್ಣು ತುಂಬಿದ್ದಿಲ್ಲ. ಅವರಿಗೆ ಸಮುದ್ರದಾಚೆಯ ನಲ್ಲಿಯಲ್ಲಿ ದೇವರು ಸಿಗುತ್ತಿದ್ದ...

ಮೊದಲ ಸಲ ಅರ್ಚಕರು ಹೆಸರು, ನಕ್ಷತ್ರ ಕೇಳಿದಾಗ ನನ್ನದೇ ಬಾಯಿಗೆ ಬಂತು. ಮೆಟ್ಟಿಲಿಳಿಯುವಾಗ ಗೊತ್ತಾದರೂ ಹಿಂದಿರುಗಲಿಲ್ಲ. ಎರಡನೆಯ ಸಲ ಬೇಕೆಂದೇ ಹೇಳಿದೆ. ಆಮೇಲೆ ಅವರು ಕೇಳುವುದನ್ನೇ ಬಿಟ್ಟರು. "ಏನಯ್ಯ, ತಿಂಗಳು ತಿಂಗಳೂ ಅರ್ಚನೆ? ಎಲ್ಲಾದ್ರೂ ಹೆಣ್ಣು ಗೊತ್ತಾಯ್ತೋ?" ಎಂದು ಛೇಡಿಸುತ್ತಿದ್ದರು.

ಒಂದು ಕಾಗದ ಮಾತ್ರ ನಾಲ್ಕೇ ಸಾಲಿನದಿತ್ತು. ಮೇಷ್ಟ್ರ ಹೆಂಡತಿಗೆ ಟೈಫಾಯ್ಡ್. ಜ್ವರ ಇಳಿದಿಲ್ಲ, ಅವಳ ಹೆಸರು ಹೇಳಿಸು ಎಂದಿದ್ದರು. ಅವತ್ತು ನಿಜವಾಗಿಯೂ ಹೇಳಿಸಬೇಕೆಂದೇ ಹೋದೆ. ಅರ್ಚಕರು ತಟ್ಟೆ ತೆಗೆದುಕೊಂಡವರೇ ರೂಢಿಯಂತೆ ನನ್ನ ಗೋತ್ರ, ನನ್ನ ನಕ್ಷತ್ರ ಶುರುಮಾಡಿದರು. ತಡೆಯಬಹುದಿತ್ತು. ತಡೆದರೆ ಅಷ್ಟು ತಿಂಗಳ ಕಳ್ಳತನ ಹೊರಬೀಳುತ್ತಿತ್ತು. ಕೈಮುಗಿದು ನಿಂತೆ. ತುಳಸಿ, ಕುಂಕುಮ ಲಕೋಟೆಗೆ ಹಾಕಿ "ಅರ್ಚನೆ ಆಯಿತು" ಎಂದು ಬರೆದೆ.

ಆಕೆ ಗುಣವಾದರು. "ನೀನು ಕಳಿಸಿದ ತುಳಸಿ ಅವಳ ದಿಂಬಿನ ಕೆಳಗಿದೆ. ನಿನ್ನನ್ನು ದೇವರು ಚೆನ್ನಾಗಿಟ್ಟಿರಲಿ" ಎಂದು ಉತ್ತರ ಬಂತು. ಸಮಾಧಾನವಾಗಬೇಕಿತ್ತು. ನನ್ನ ಕೈ ಇಲ್ಲದೆಯೂ ಅವರ ಮೊರೆ ಕೇಳಿಸಿತಲ್ಲ ಎಂದು ಇನ್ನಷ್ಟು ಉರಿಯಿತು.

ಮೂರು ವರ್ಷದ ಮೇಲೆ ದಂಪತಿ ಊರಿಗೆ ಬಂದರು. ಬಂದ ಮರುದಿನವೇ ನನ್ನನ್ನೂ ಕರೆದುಕೊಂಡು ದೇವಸ್ಥಾನಕ್ಕೆ ಹೋದರು. ನನ್ನ ಮುಖ ಕಂಡದ್ದೇ ಅರ್ಚಕರು, "ರೋಹಿಣಿ ನಕ್ಷತ್ರೇ, ವೃಷಭ ರಾಶೌ..." ಎಂದು ಆರಂಭಿಸಿ ಮೇಷ್ಟ್ರ ಕಡೆ ತಿರುಗಿ ನಕ್ಕರು. "ಮೂರು ವರ್ಷದಿಂದ ಇವನದು ಬಾಯಿಪಾಠ ಆಗ್ಬಿಟ್ಟಿದೆ ಕಣ್ರೀ. ತಪ್ಪದೆ ತನ್ನ ಹೆಸರಲ್ಲಿ ಮಾಡಿಸ್ತಾನೆ."

ಮೇಷ್ಟ್ರು ನನ್ನನ್ನು ನೋಡಿದರು. ನಾನು ನೆಲ ನೋಡಿದೆ.

"ಅದನ್ನೇ ಮುಂದುವರಿಸಿ ಸ್ವಾಮಿ" ಎಂದರು.

ಹೊರಗೆ ಬಂದು ಕಲ್ಲಿನ ಮೇಲೆ ಕೂತಾಗ ಆಕೆ ಪ್ರದಕ್ಷಿಣೆ ಹಾಕುತ್ತಿದ್ದರು. ಅವರನ್ನೇ ನೋಡುತ್ತಾ ಮೇಷ್ಟ್ರು ಮೆಲ್ಲಗೆ ಹೇಳಿದರು, "ಅಲ್ಲಿದ್ದಾಗ ನಿನ್ನ ನೆನೆಸಿಕೊಂಡು ಹೊಟ್ಟೆಕಿಚ್ಚು ಪಡ್ತಿದ್ದೆ ಕಣಯ್ಯ. ದಿನಾ ಇವನ ಬಾಗಿಲಲ್ಲೇ ಓಡಾಡ್ತೀಯಲ್ಲ, ಅಂತ."

ಅಷ್ಟೇ. ಆ ವಿಷಯ ಮತ್ತೆಂದೂ ಎತ್ತಲಿಲ್ಲ. ಅವರಿಗೆ ಹಳೇಬೀಡಿಗೆ ವರ್ಗವಾಯಿತು. ಅರ್ಧ ಗಂಟೆಯ ಬಸ್ಸಿನ ದಾರಿ. ಮುಂದಿನ ಭಾನುವಾರ ಹೋಗಿ ತಪ್ಪಾಯ್ತು ಅನ್ನೋಣ ಎಂದುಕೊಂಡೆ. ಎಷ್ಟು ಭಾನುವಾರಗಳು... ಕೊನೆಗೆ ಹೋದದ್ದು ಅವರ ಹದಿಮೂರನೆಯ ದಿನಕ್ಕೆ.

ಮೊನ್ನೆ ಆ ಹುಳಿ ಹಿಟ್ಟನ್ನು ಚೆಲ್ಲಲು ಬಿಡದೆ ಒಂದು ದೋಸೆ ಹಾಕಿಸಿಕೊಂಡು ತಿಂದೆ. ಸಂಜೆ ದೇವಸ್ಥಾನಕ್ಕೆ ಹೋದೆ. ಈಗಿನ ಅರ್ಚಕರು ಆ ಹಳಬರ ಮೊಮ್ಮಗ. "ಯಾರ ಹೆಸರಿಗೆ ತಾತ?" ಎಂದರು. ಚಾಚಿದ್ದ ತಟ್ಟೆಯನ್ನು ಹಿಂದಕ್ಕೆ ತೆಗೆದುಕೊಂಡೆ. ತೀರಿಕೊಂಡವರ ಹೆಸರಿನಲ್ಲಿ ಅರ್ಚನೆ ಮಾಡಿಸುವಂತಿಲ್ಲ.

ಅಲ್ಲಿ ಹೇಳಲಾಗದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಕಾಶ್ಯಪ ಗೋತ್ರ, ಸ್ವಾತಿ ನಕ್ಷತ್ರ, ತುಲಾ ರಾಶಿ. ಹೆಸರು ಶೇಷಾದ್ರಿ.